ಮನೆಯಲ್ಲೇ ಕಾರಿನ ವೆಲ್ಡಿಂಗ್: ಮೆಷಿನ್ ಮೇಲಿನ 200 ಬಿಡಿ, ತಗಡಿನ ದಪ್ಪ ನೋಡಿ

ಕರಾವಳಿಯಲ್ಲೋ ಮಲೆನಾಡಿನಲ್ಲೋ ಹತ್ತಾರು ಮಳೆಗಾಲ ಕಂಡ ಮಾರುತಿ 800 ಅಥವಾ ಓಮ್ನಿ ನಿಮ್ಮಲ್ಲಿದ್ದರೆ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ, ನೆಲದ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಎಷ್ಟೋ ಗಾಡಿಗಳಲ್ಲಿ ತುದಿ ಸಲೀಸಾಗಿ ಕೆಳಗಿಳಿಯುತ್ತದೆ. ಒದ್ದೆ ಚಪ್ಪಲಿಯ ನೀರು ಮ್ಯಾಟಿನಡಿ ಇಳಿದು ಆರದೆ ಉಳಿಯುತ್ತದೆ. ಕೆಳಗಡೆಯಿಂದ ಕೆಸರು, ಸಮುದ್ರದ ಬದಿಯಾದರೆ ಉಪ್ಪುಗಾಳಿ. ಎಂಜಿನ್ ಚೆನ್ನಾಗಿಯೇ ಇರುತ್ತದೆ, ಕೆಳಗಿನ ತಗಡು ಮಾತ್ರ ಕೈಕೊಡುತ್ತದೆ. ಆಗ ಕೈಯಲ್ಲಿ ಸ್ವಲ್ಪ ಕಸುಬಿನ ಹುಚ್ಚು ಇರುವ ಯಾರಿಗೂ ಬರುವ ಯೋಚನೆ ಒಂದೇ: ಒಂದು ವೆಲ್ಡಿಂಗ್ ಮೆಷಿನ್ ತಂದು ನಾನೇ ತೇಪೆ ಹಾಕಿದರೆ ಹೇಗೆ?

ಹಾಕಬಹುದು. ತಾಳ್ಮೆ ಇದ್ದವರು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಬಹಳ ಜನ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುವುದು ಮೆಷಿನ್ ಕೊಳ್ಳುವಾಗ. ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು '200 ಆಂಪ್' ಎಂದು ದಪ್ಪಕ್ಷರದಲ್ಲಿ ಬರೆದ, ಹೆಗಲಿಗೆ ನೇತುಹಾಕಬಹುದಾದ ಪುಟ್ಟ ಇನ್ವರ್ಟರ್ ಮೆಷಿನ್. ಬೆಲೆಯೂ ಕಡಿಮೆ. ಅದನ್ನು ತಂದು, ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ರಾಡ್ ಸಿಕ್ಕಿಸಿ, ಕಾರಿನ ತಗಡಿಗೆ ಮುಟ್ಟಿಸಿದರೆ ಕ್ಷಣದಲ್ಲಿ ಚಿಕ್ಕ ತೂತು ದೊಡ್ಡ ತೂತಾಗುತ್ತದೆ. ಮೆಷಿನ್ನಿನಲ್ಲಿ ದೋಷವಿಲ್ಲ. ಅದು ಕಿಟಕಿಯ ಗ್ರಿಲ್ಲಿಗೆ, ಗೇಟಿಗೆ, ಶೆಡ್ಡಿನ ಕಂಬಕ್ಕೆಂದೇ ಇರುವಂಥದ್ದು. ಕಾರಿನ ತಗಡಿಗೆ ಬೇಕಾದ ಲೆಕ್ಕ ಬೇರೆ.

ದಪ್ಪದಿಂದ ಶುರು ಮಾಡಿ

ಕಾರಿನ ಬಾಗಿಲು, ಫೆಂಡರ್, ಬಾನೆಟ್‌ಗಳ ಹೊರತಗಡು ಸುಮಾರು 0.7ರಿಂದ 0.8 ಮಿ.ಮೀ. ನೆಲದ ತಗಡು ಹೆಚ್ಚುಕಡಿಮೆ 0.8ರಿಂದ 1 ಮಿ.ಮೀ. ರನ್ನಿಂಗ್ ಬೋರ್ಡಿನ ಒಳಪಟ್ಟಿ, ಸೀಟು ಕೂರುವ ಜಾಗ, ಸಸ್ಪೆನ್ಶನ್ ಹಿಡಿಯುವ ಭಾಗಗಳಲ್ಲಿ 1.2ರಿಂದ 2 ಮಿ.ಮೀ. ಸಿಗುತ್ತದೆ. ಹಳೆಯ ಜೀಪಿನಂಥ ಚಾಸಿ ಇರುವ ಗಾಡಿಯಾದರೆ ಆ ಚಾಸಿ 3 ಮಿ.ಮೀ. ಅಥವಾ ಅದಕ್ಕಿಂತ ದಪ್ಪ. ನಮ್ಮ ಅಂಗಡಿಗಳಲ್ಲಿ ತಗಡನ್ನು ಗೇಜಿನಲ್ಲಿ ಕೇಳುವುದು ರೂಢಿ. 22 ಗೇಜ್ ಎಂದರೆ ಸುಮಾರು 0.7 ಮಿ.ಮೀ., 20 ಗೇಜ್ 0.9, 18 ಗೇಜ್ 1.2. ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು.

ಮೃದು ಉಕ್ಕಿಗೆ ವೆಲ್ಡರ್‌ಗಳು ಬಳಸುವ ಒಂದು ಅಂದಾಜು ಲೆಕ್ಕವಿದೆ: ಪ್ರತಿ ಮಿ.ಮೀ. ದಪ್ಪಕ್ಕೆ 40 ಆಂಪಿಯರ್. ಅಂದರೆ 0.8 ಮಿ.ಮೀ. ತಗಡಿಗೆ 32 ಆಂಪಿಯರ್ ಆಸುಪಾಸು ಸಾಕು. ಅಂಗಡಿಯಲ್ಲಿ ಎಲ್ಲರೂ ಕೊಡುವ 2.5 ಮಿ.ಮೀ. ರಾಡ್ ಸರಾಗವಾಗಿ ಉರಿಯಬೇಕಾದರೆ 60ರಿಂದ 90 ಆಂಪಿಯರ್ ಬೇಕು. ತಗಡು ತಾಳುವುದಕ್ಕಿಂತ ಎರಡು ಪಟ್ಟು ಬಿಸಿ! ಕರೆಂಟು ಕಡಿಮೆ ಮಾಡಿದರೆ ರಾಡ್ ಅಂಟಿಕೊಳ್ಳುತ್ತದೆ, ಹೆಚ್ಚು ಮಾಡಿದರೆ ತಗಡು ತೂತಾಗುತ್ತದೆ. ನಡುವೆ ಕೆಲಸ ಮಾಡಲು ಜಾಗವೇ ಉಳಿಯುವುದಿಲ್ಲ. ಇಷ್ಟು ತೆಳು ತಗಡಿಗೆ ಆ ರಾಡ್ ಹಿಡಿಯುವುದು ರೇಷ್ಮೆ ಸೀರೆಗೆ ದಬ್ಬಣದಲ್ಲಿ ಹೊಲಿಗೆ ಹಾಕಿದ ಹಾಗೆ.

ಹೀಗಾಗಿ ಕಾರಿನ ಬಾಡಿಗೆ ಮೆಷಿನ್ ಹುಡುಕುವವರು ಅದು ಎಷ್ಟು ಮೇಲೆ ಹೋಗುತ್ತದೆ ಎಂದು ಕೇಳುವ ಬದಲು ಎಷ್ಟು ಕೆಳಗೆ ಇಳಿದು ಸ್ಥಿರವಾಗಿ ಉರಿಯುತ್ತದೆ ಎಂದು ಕೇಳಬೇಕು. 200ಕ್ಕೆ ಏರುವ ಮೆಷಿನ್ನಿಗಿಂತ 30ಕ್ಕೆ ಇಳಿಯುವ ಮೆಷಿನ್ ಇಲ್ಲಿ ದೊಡ್ಡದು.

ಯಾವ ವಿಧಾನ, ಯಾಕೆ

ರಾಡ್ ವೆಲ್ಡಿಂಗಿನಲ್ಲಿ, ಅಂದರೆ ಎಲ್ಲರೂ ಆರ್ಕ್ ಎಂದು ಕರೆಯುವ ವಿಧಾನದಲ್ಲಿ, ಮೆಷಿನ್ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ರಾಡಿನ ತುದಿಗೂ ಲೋಹಕ್ಕೂ ನಡುವಿನ ಅಂತರ ಕಾಯುವುದು ನಿಮ್ಮ ಕೈಯ ಕೆಲಸ. ರಾಡ್ ಕರಗಿ ಗಿಡ್ಡವಾಗುತ್ತಿದ್ದಂತೆ ಕೈ ಕೆಳಗಿಳಿಯುತ್ತಲೇ ಇರಬೇಕು. ರಾಡಿನ ಮೇಲಿನ ಲೇಪ ಸುಟ್ಟು ಹೊಗೆಯಾಗಿ ಗಾಳಿಯನ್ನು ದೂರವಿಡುತ್ತದೆ, ಕಿಟ್ಟವಾಗಿ ಬೆಸುಗೆಯ ಮೇಲೆ ಕೂರುತ್ತದೆ. ಬಯಲಲ್ಲಿ, ಗಾಳಿಯಲ್ಲಿ, ಸ್ವಲ್ಪ ತುಕ್ಕಿದ್ದರೂ ನಡೆಯುತ್ತದೆ. 2 ಮಿ.ಮೀ.ಗಿಂತ ದಪ್ಪದ ಕೆಲಸಕ್ಕೆ ಇದಕ್ಕಿಂತ ಅಗ್ಗದ, ಗಟ್ಟಿಯಾದ ದಾರಿ ಇಲ್ಲ. ಎಸ್ಟೇಟ್ ಜೀಪಿಗೆ ಬಂಪರ್, ಟ್ರೇಲರಿಗೆ ಕೊಕ್ಕೆ, ಕಾರನ್ನು ಎತ್ತಿ ನಿಲ್ಲಿಸಲು ಸ್ಟ್ಯಾಂಡ್, ಶೆಡ್ಡಿಗೆ ಮೇಜು, ಇವೆಲ್ಲ 6013 ಎಂಬ ಸಾಮಾನ್ಯ ಬಗೆಯ ರಾಡಿನ ಕೆಲಸ. ತೆಳು ತಗಡಿಗೇ ರಾಡ್ ಬಳಸಲೇಬೇಕಾಗಿ ಬಂದರೆ 2 ಮಿ.ಮೀ. ಅಥವಾ 1.6 ಮಿ.ಮೀ. ರಾಡ್ ಹುಡುಕಿ ತಂದು, ಹೋಲ್ಡರನ್ನು ನೆಗೆಟಿವ್‌ಗೆ ಸಿಕ್ಕಿಸಿ, ಚುಕ್ಕಿ ಚುಕ್ಕಿಯಾಗಿ ಹಾಕುವ ನುರಿತವರಿದ್ದಾರೆ. ಕಲಿಯುವವರಿಗೆ ಆ ದಾರಿ ಬೇಡ.

ಮಿಗ್ ವೆಲ್ಡಿಂಗಿನ ತರ್ಕ ಇದಕ್ಕೆ ತಿರುಗಾಮುರುಗ. ಇಲ್ಲಿ ಮೆಷಿನ್ ವೋಲ್ಟೇಜನ್ನು ಹಿಡಿದಿಡುತ್ತದೆ. ರಾಡಿನ ಬದಲು ದಾರದಷ್ಟು ಸಣ್ಣ ತಂತಿ, ಸಾಮಾನ್ಯವಾಗಿ 0.8 ಮಿ.ಮೀ., ಸುರುಳಿಯಿಂದ ಬಿಚ್ಚಿಕೊಳ್ಳುತ್ತ ಟಾರ್ಚಿನ, ಅಂದರೆ ಕೈಯಲ್ಲಿ ಹಿಡಿಯುವ ಟ್ರಿಗರ್ ಇರುವ ಹಿಡಿಕೆಯ, ತುದಿಯಿಂದ ಹೊರಬರುತ್ತದೆ. ತಂತಿ ಎಷ್ಟು ಬೇಗ ಬರುತ್ತದೋ ಅಷ್ಟು ಕರೆಂಟ್ ಹರಿಯುತ್ತದೆ. ಕೈ ಸ್ವಲ್ಪ ಮೇಲೆ ಕೆಳಗೆ ಆಡಿದರೆ ಮೆಷಿನ್ ತಾನೇ ಸರಿಪಡಿಸಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಬೆಂಕಿ, ಬಿಟ್ಟರೆ ಇಲ್ಲ. ಅರ್ಧ ಸೆಕೆಂಡಿನ ಒಂದು ಚುಕ್ಕಿ ಹಾಕಿ ನಿಲ್ಲಿಸಬಹುದು, ಮತ್ತೆ ಅದೇ ಜಾಗಕ್ಕೆ ಬರಬಹುದು. ತೆಳು ತಗಡಿಗೆ ಬೇಕಾದದ್ದು ಇದೇ ಗುಣ. ಟಾರ್ಚಿನ ಬಾಯಿಂದ ತಂತಿಯ ಸುತ್ತ ಗ್ಯಾಸ್ ಹರಿದು ಕರಗಿದ ಲೋಹವನ್ನು ಗಾಳಿಯಿಂದ ಕಾಯುವುದರಿಂದ ಒಡೆದು ತೆಗೆಯಬೇಕಾದ ಕಿಟ್ಟವೂ ಇಲ್ಲ. ಕಾರಿನ ಬಾಡಿ ಕೆಲಸಕ್ಕೆ ಮನೆಯಲ್ಲಿ ಒಂದೇ ಮೆಷಿನ್ ಎಂದರೆ ನನ್ನ ಮತ ಇದಕ್ಕೇ, ಅದೂ ಗ್ಯಾಸ್ ಜೊತೆಗೆ.

ಗ್ಯಾಸ್ ಜೊತೆಗೆ ಎಂದು ಒತ್ತಿ ಹೇಳಲು ಕಾರಣವಿದೆ. 'ಗ್ಯಾಸ್ ಬೇಡದ ಮಿಗ್' ಎಂದು ಮಾರುವ ಮೆಷಿನ್ನುಗಳು ಬಹಳ. ಅವುಗಳಲ್ಲಿ ಹಾಕುವುದು ಫ್ಲಕ್ಸ್ ಕೋರ್ ತಂತಿ: ಒಳಗೆ ಪುಡಿ ತುಂಬಿದ ಕೊಳವೆ. ಪುಡಿ ಸುಟ್ಟು ತಾನೇ ರಕ್ಷಣೆ ಕೊಡುತ್ತದೆ. ಸಿಲಿಂಡರ್ ಹೊರುವ ತಾಪತ್ರಯವಿಲ್ಲ, ಅಂಗಳದಲ್ಲಿ ಗಾಳಿ ಬೀಸುತ್ತಿದ್ದರೂ ಕೆಲಸ ನಿಲ್ಲುವುದಿಲ್ಲ. 1.5 ಮಿ.ಮೀ. ಮೇಲಿನ ಲೋಹಕ್ಕೆ ಇದು ಒಳ್ಳೆಯದೇ. ಆದರೆ ಕಿಡಿ ಜಾಸ್ತಿ, ಹೊಗೆ ಜಾಸ್ತಿ, ಕಿಟ್ಟವೂ ಉಂಟು, ತೆಳು ತಗಡಿನಲ್ಲಿ ತೂತಾಗುವ ಭಯ ಗ್ಯಾಸಿನ ಮಿಗ್‌ಗಿಂತ ಹೆಚ್ಚು. ಇನ್ನೊಂದು ಸೂಕ್ಷ್ಮ: ಬರಿ ತಂತಿಗೆ ಟಾರ್ಚ್ ಪಾಸಿಟಿವ್‌ನಲ್ಲಿರಬೇಕು, ಗ್ಯಾಸಿಲ್ಲದ ಫ್ಲಕ್ಸ್ ತಂತಿಗೆ ನೆಗೆಟಿವ್‌ನಲ್ಲಿರಬೇಕು. ಇದನ್ನು ಬದಲಿಸದೆ ಕೆಲಸ ಶುರು ಮಾಡಿ, ಬರೀ ಕಿಡಿ ಹಾರುತ್ತದೆ, ಬೆಸುಗೆ ಕೂರುವುದಿಲ್ಲ ಎಂದು ಮೆಷಿನ್ನನ್ನು ಬೈಯುವವರು ಬಹಳ.

ಟಿಗ್ ಕೆಲಸದ ಅಂದಕ್ಕೆ ಸಾಟಿ ಇಲ್ಲ. ಕರಗದ ಟಂಗ್‌ಸ್ಟನ್ ಸೂಜಿಯಿಂದ ಬೆಂಕಿ, ಇನ್ನೊಂದು ಕೈಯಿಂದ ತಂತಿ, ಸುತ್ತ ಶುದ್ಧ ಆರ್ಗಾನ್. ಆದರೆ ಲೋಹ ಕನ್ನಡಿಯಂತೆ ಶುಚಿಯಾಗಿರಬೇಕು. ತುಕ್ಕು ತಿಂದ ಹಳೇ ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ ಆ ಶುಚಿ ಸಾಧಿಸುವುದು ಬಲು ಕಷ್ಟ. ನಿಧಾನವಾದ್ದರಿಂದ ಬಿಸಿಯೂ ದೂರ ಹರಡಿ ತಗಡು ಸೊಟ್ಟಗಾಗುತ್ತದೆ. ಸ್ಟೀಲ್ ಸೈಲೆನ್ಸರ್ ಪೈಪು ಜೋಡಿಸುವ ಆಸೆಯಿದ್ದರೆ ಟಿಗ್ ಕಲಿಯಿರಿ. ಅಲ್ಯುಮಿನಿಯಂ ಮಾಡಬೇಕೆಂದರೆ ಎ.ಸಿ. ಟಿಗ್ ಬೇಕು. ರಾಡ್, ಮಿಗ್, ಟಿಗ್ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಅಗ್ಗದ ಮೆಷಿನ್ನುಗಳಲ್ಲಿ ಬರುವ ಟಿಗ್ ಬರೀ ಡಿ.ಸಿ., ಅದರಲ್ಲಿ ಅಲ್ಯುಮಿನಿಯಂ ಆಗುವುದಿಲ್ಲ.

ಇನ್ನು ಗ್ಯಾಸ್ ವೆಲ್ಡಿಂಗ್. ಸಣ್ಣ ಊರುಗಳ ಟಿಂಕರಿಂಗ್ ಅಂಗಡಿಗಳಲ್ಲಿ ಇಡೀ ಕಾರನ್ನೇ ಆಕ್ಸಿಜನ್-ಅಸಿಟಿಲಿನ್ ಜ್ವಾಲೆಯಲ್ಲಿ ಕಟ್ಟಿ ನಿಲ್ಲಿಸಿದ ಹಿರಿಯ ಕಸುಬುದಾರರಿದ್ದಾರೆ, ಅವರ ಕೈಗುಣಕ್ಕೆ ಕೈಮುಗಿಯಬೇಕು. ಮನೆಯ ಪೋರ್ಟಿಕೋದಲ್ಲಿ ಅಸಿಟಿಲಿನ್ ಇಡುವುದು ಮಾತ್ರ ಬೇಡ.

ಮನೆಯ ಪ್ಲಗ್ ಏನು ಹೇಳುತ್ತದೆ

ಇದನ್ನು ಲೆಕ್ಕ ಹಾಕದೆ ಮೆಷಿನ್ ತಂದವರ ಮನೆಯಲ್ಲಿ ಎಂ.ಸಿ.ಬಿ. ಪಟಪಟ ಬೀಳುತ್ತದೆ. ಲೆಕ್ಕ ಕಷ್ಟವೇನಲ್ಲ. ಮೆಷಿನ್ನುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ರಾಡ್ ವೆಲ್ಡಿಂಗಿನ ವೋಲ್ಟೇಜ್ ಎಂದರೆ 20ಕ್ಕೆ ಕರೆಂಟಿನ 0.04 ಪಟ್ಟು ಕೂಡಿಸಿದ್ದು. ಮಿಗ್‌ಗೆ 14ಕ್ಕೆ 0.05 ಪಟ್ಟು ಕೂಡಿಸಿದ್ದು.

2.5 ಮಿ.ಮೀ. ರಾಡನ್ನು 80 ಆಂಪಿಯರ್‌ನಲ್ಲಿ ಉರಿಸುತ್ತೀರಿ ಎನ್ನಿ. ವೋಲ್ಟೇಜ್ 23.2, ಗುಣಿಸಿದರೆ ಸುಮಾರು 1850 ವ್ಯಾಟ್. ಮೆಷಿನ್ನಿನ ಒಳಗೆ ಐದರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆ ಎಂದಿಟ್ಟುಕೊಂಡರೆ ಗೋಡೆಯಿಂದ ಎಳೆಯುವುದು 2300 ವ್ಯಾಟ್. ಅಗ್ಗದ ಇನ್ವರ್ಟರ್ ಮೆಷಿನ್ನುಗಳ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.7ರ ಹತ್ತಿರ ಇರುವುದರಿಂದ 230 ವೋಲ್ಟಿನಲ್ಲಿ ಹರಿಯುವ ಕರೆಂಟ್ 14 ಆಂಪಿಯರ್ ಮುಟ್ಟುತ್ತದೆ. 16 ಆಂಪಿಯರ್ ಪವರ್ ಪ್ಲಗ್ ಅಂಚಿನಲ್ಲಿ ತಾಳುತ್ತದೆ. ಇದೇ ಲೆಕ್ಕದಲ್ಲಿ 3.15 ಮಿ.ಮೀ. ರಾಡಿಗೆ 110 ಆಂಪಿಯರ್ ಇಟ್ಟರೆ ಗೋಡೆಯಿಂದ 20 ಆಂಪಿಯರ್ ದಾಟುತ್ತದೆ, ಪ್ಲಗ್ ಸೋಲುತ್ತದೆ. ಮೆಷಿನ್ ಮೇಲೆ ಬರೆದ 200ನ್ನು ನಿಜಕ್ಕೂ ಬಳಸಬೇಕೆಂದರೆ 40 ಆಂಪಿಯರ್ ಮೀರುವ ಲೈನ್ ಬೇಕು. ನಮ್ಮ ಸಾಮಾನ್ಯ ಸಿಂಗಲ್ ಫೇಸ್ ಮನೆಗಳಲ್ಲಿ ಅದು ಎಲ್ಲಿಂದ ಬರಬೇಕು?

ಈಗ ಮಿಗ್ ನೋಡಿ. ತೆಳು ತಗಡಿಗೆ 45 ಆಂಪಿಯರ್, ವೋಲ್ಟೇಜ್ 16ರ ಸುತ್ತ, ಸುಮಾರು 730 ವ್ಯಾಟ್. ಗೋಡೆಯಿಂದ ಎಳೆಯುವುದು 6 ಆಂಪಿಯರ್‌ನೊಳಗೆ. ಕಾರಿನ ತೇಪೆ ಕೆಲಸಕ್ಕೆ ಮನೆಯ ಕರೆಂಟು ಧಾರಾಳವಾಗಿ ಸಾಕು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅಚ್ಚಾಗಿರುತ್ತದೆ. ಒಮ್ಮೆ ನೋಡಿಕೊಳ್ಳಿ. ವೆಲ್ಡಿಂಗ್ ಮಾಡುವಾಗ ಗೀಸರ್, ಪಂಪು ಆರಿಸಿಡಿ. ಎಕ್ಸ್‌ಟೆನ್ಶನ್ ಬೇಕಾದರೆ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರು ಬಳಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವೈರು ಬಿಸಿಯಾಗಿ ಕರಗುತ್ತದೆ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಹಳ್ಳಿಯ ಕಡೆ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ. ಹಾಗಿದ್ದಲ್ಲಿ ಕಡಿಮೆ ವೋಲ್ಟೇಜಿನಲ್ಲೂ ಓಡುವುದೆಂದು ಪ್ಲೇಟಿನ ಮೇಲೆ ಬರೆದಿರುವ ಮೆಷಿನ್ನನ್ನೇ ತರಬೇಕು.

ಅದೇ ಪ್ಲೇಟಿನ ಮೇಲೆ ಡ್ಯೂಟಿ ಸೈಕಲ್ ಎಂಬ ಸಾಲೂ ಇರುತ್ತದೆ. 120 ಆಂಪಿಯರ್‌ನಲ್ಲಿ 60 ಶೇಕಡಾ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಿ ನಾಲ್ಕು ನಿಮಿಷ ತಣಿಯಲು ಬಿಡಬೇಕು. ತೆಳು ತಗಡಿನ ಕೆಲಸದಲ್ಲಿ ಉರಿಯುವುದಕ್ಕಿಂತ ಕಾಯುವುದೇ ಹೆಚ್ಚಾದ್ದರಿಂದ ಇದರ ಚಿಂತೆ ಅಷ್ಟಾಗಿ ಬೇಡ.

ಅಂಗಡಿಯಲ್ಲಿ ಕೇಳಬೇಕಾದ್ದು

ಕೆಳಗಿನ ಮಿತಿ 30ರಿಂದ 40 ಆಂಪಿಯರ್ ಇರಬೇಕು ಎಂದಾಯಿತು. ಮೆಷಿನ್ನಿನ ಹಿಂದೆ ಗ್ಯಾಸ್ ಪೈಪು ಸಿಕ್ಕಿಸುವ ಮೂತಿ ಇದೆಯೇ ನೋಡಿ. ಬರೀ ಫ್ಲಕ್ಸ್ ತಂತಿಗೆಂದೇ ಮಾಡಿದವುಗಳಲ್ಲಿ ಅದು ಇರುವುದಿಲ್ಲ. ಪಾಸಿಟಿವ್-ನೆಗೆಟಿವ್ ಅದಲುಬದಲು ಮಾಡಲು ಬರಬೇಕು. ತಂತಿಯ ವೇಗಕ್ಕೂ ವೋಲ್ಟೇಜಿಗೂ ಬೇರೆ ಬೇರೆ ಗುಂಡಿ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಒಂದೇ ಗುಂಡಿಯಲ್ಲಿ ಎರಡನ್ನೂ ಹೊಂದಿಸುವ ಮೆಷಿನ್ನುಗಳೂ ಇವೆ, ಸುಲಭ, ಆದರೆ ಅದರ ಮೇಲೆ ಸ್ವಲ್ಪ ತಿದ್ದುವ ಅವಕಾಶ ಇರಲಿ. ಟಾರ್ಚ್ ಕಳಚಿ ಬದಲಿಸುವಂತಿರಬೇಕು, ಯಾಕೆಂದರೆ ಮೊದಲು ಸವೆಯುವುದು ಅದೇ. ಅದರ ತುದಿಯ ತಾಮ್ರದ ಟಿಪ್ ಮತ್ತು ನಾಜಲ್ ನಿಮ್ಮ ಊರಲ್ಲೇ ಸಿಗುತ್ತವೆಯೇ ವಿಚಾರಿಸಿ. ಹೆಸರಾಂತ ಕಂಪನಿಯೋ ಹೊಸದೋ ಎನ್ನುವುದಕ್ಕಿಂತ, ಬೋರ್ಡ್ ಸುಟ್ಟರೆ ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ ಎನ್ನುವುದು ದೊಡ್ಡ ಪ್ರಶ್ನೆ. ರಾಡ್ ಮತ್ತು ಮಿಗ್ ಎರಡೂ ಇರುವ ಮೆಷಿನ್ ಸಿಕ್ಕರೆ ಒಳ್ಳೆಯದು. ಒಂದೇ ಪೆಟ್ಟಿಗೆಯಲ್ಲಿ ಬಂಪರಿನ ಕೆಲಸವೂ ಫೆಂಡರಿನ ಕೆಲಸವೂ ನಡೆಯುತ್ತದೆ.

ಉಳಿದ ಹಣ ಆಂಪಿಯರಿಗೆ ಸುರಿಯದೆ ಹೆಲ್ಮೆಟ್‌ಗೂ ಗ್ಯಾಸ್‌ಗೂ ಇಡಿ. ಆರ್ಕ್ ಹೊತ್ತಿದ ಕೂಡಲೇ ತಾನೇ ಕಪ್ಪಾಗುವ ಹೆಲ್ಮೆಟ್ ಕಲಿಯುವವರಿಗೆ ವರದಾನ. ಕೈಯಲ್ಲಿ ಹಿಡಿಯುವ ಕಪ್ಪು ಗಾಜಿನ ಹಲಗೆಯಾದರೆ ಒಂದು ಕೈ ಅದಕ್ಕೇ ಮೀಸಲು, ಟಾರ್ಚ್ ಎಲ್ಲಿ ಮುಟ್ಟಬೇಕು ಎಂಬುದು ಕಾಣುವುದಿಲ್ಲ.

ಗ್ಯಾಸ್ ಎರಡು ಬಗೆ. ಶುದ್ಧ ಕಾರ್ಬನ್ ಡೈಆಕ್ಸೈಡ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಸಿಡಿತ ಸ್ವಲ್ಪ ಹೆಚ್ಚು, ಆಳಕ್ಕೆ ಇಳಿಯುತ್ತದೆ. ಆರ್ಗಾನ್ 80 ಪಾಲು, ಕಾರ್ಬನ್ ಡೈಆಕ್ಸೈಡ್ 20 ಪಾಲಿನ ಮಿಶ್ರಣ ತೆಳು ತಗಡಿಗೆ ಮೃದು, ಬೆಸುಗೆ ನಯ. ಮಿಶ್ರಣ ಕೈಗೆಟುಕಿದರೆ ಅದನ್ನೇ ತನ್ನಿ. ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂಬ ಅಂಜಿಕೆ ಹಲವರಿಗೆ. ನಿಮಿಷಕ್ಕೆ 10 ಲೀಟರ್ ಹರಿವು ಸಾಕು. 7 ಘನ ಮೀಟರಿನ ದೊಡ್ಡ ಸಿಲಿಂಡರ್ ಎಂದರೆ 7000 ಲೀಟರ್, ಅಂದರೆ 700 ನಿಮಿಷ ಬರಿ ಉರಿಯುವ ಸಮಯ. ಚುಕ್ಕಿ ಹಾಕುವ ಕೆಲಸದಲ್ಲಿ ಅದು ಮುಗಿಯುವುದೇ ಅಪರೂಪ. 2 ಕಿಲೋ ಕಾರ್ಬನ್ ಡೈಆಕ್ಸೈಡ್ ಇರುವ ಪುಟ್ಟ ಬಾಟಲಿಯೂ 1000 ಲೀಟರ್ ಮೀರಿ ಕೊಡುತ್ತದೆ, ಒಂದೆರಡು ನೆಲದ ತೇಪೆಗೆ ಸಾಕು. ಸಿಲಿಂಡರನ್ನು ಸರಪಳಿ ಹಾಕಿ ನಿಲ್ಲಿಸಿ. ಈ ಎರಡೂ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತವೆ. ಆದ್ದರಿಂದ ಕಾರಿನ ಕೆಳಗೆ ತೋಡಿದ ಗುಂಡಿಯೊಳಗೆ ನಿಂತು ಮಿಗ್ ಮಾಡುವುದು ಅಪಾಯ: ಉಸಿರಾಡುವ ಆಮ್ಲಜನಕ ಅರಿವಿಲ್ಲದೆ ಕಡಿಮೆಯಾಗುತ್ತದೆ.

ಒಂದು ತೇಪೆ, ಹತ್ತಿರದಿಂದ

ಡ್ರೈವರ್ ಕಾಲಿಡುವ ಜಾಗದಲ್ಲಿ ಅಂಗೈಯಗಲದ ತುಕ್ಕಿನ ತೂತು ಇದೆ ಎನ್ನಿ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಸೀಟು, ಕಾರ್ಪೆಟ್, ಅದರಡಿಯ ಡಾಂಬರು ಹಾಳೆ, ಪಕ್ಕದ ವೈರಿಂಗ್ ಎಲ್ಲ ತೆಗೆಯಿರಿ. ಕೆಳಗೆ ಬಗ್ಗಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹಾದುಹೋಗಿವೆ ನೋಡಿ, ಕೆಲಸದ ಜಾಗದ ಹತ್ತಿರ ಇದ್ದರೆ ಕಳಚಿ ದೂರ ಸರಿಸಿ. ಗಾಜಿನ ಮೇಲೆ ಹೊದಿಕೆ ಹಾಕಿ. ಗ್ರೈಂಡರಿನ ಕಿಡಿ ಗಾಜಿಗೆ ಅಂಟಿದರೆ ಮತ್ತೆ ಬಿಡುವುದಿಲ್ಲ.

ತುಕ್ಕು ಕಂಡಷ್ಟು ಜಾಗವನ್ನು ಮಾತ್ರ ಕತ್ತರಿಸಿದರೆ ಕೆಲಸ ಕೆಡುತ್ತದೆ. ತೂತಿನ ಸುತ್ತಲಿನ ತಗಡು ನೋಡಲು ಚೆನ್ನಾಗಿದ್ದರೂ ಒಳಗೆ ಸವೆದು ಅರ್ಧ ದಪ್ಪ ಉಳಿದಿರುತ್ತದೆ, ಬೆಂಕಿ ತಗುಲಿದ ಕೂಡಲೇ ಮಾಯ. ಸ್ಕ್ರೂಡ್ರೈವರ್ ಒತ್ತಿದರೆ ಜಗ್ಗದ, ಗ್ರೈಂಡ್ ಮಾಡಿದರೆ ಬೆಳ್ಳಗೆ ಹೊಳೆಯುವ ಲೋಹ ಸಿಗುವ ತನಕ ಕತ್ತರಿಸುತ್ತ ಹೋಗಬೇಕು. ಅಂಗೈಯಗಲದ ತೂತು ಊಟದ ತಟ್ಟೆಯಗಲವಾದರೂ ಎದೆಗುಂದಬೇಡಿ.

ತೇಪೆಗೆ 20 ಗೇಜಿನ ಸಿ.ಆರ್. ಶೀಟ್ (ಸತು ಲೇಪವಿಲ್ಲದ ಉಕ್ಕಿನ ತಗಡು) ಕೇಳಿ. ಜಿ.ಐ. ಶೀಟ್ ಕೊಟ್ಟರೆ ಬೇಡವೆನ್ನಿ. ಅದರ ಸತುವಿನ ಲೇಪ 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಉಕ್ಕು ಕರಗುವುದಕ್ಕೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಆ ಆವಿ ಬೆಸುಗೆಯಲ್ಲಿ ಗುಳ್ಳೆ ಬಿಡುತ್ತದೆ, ಉಸಿರಿನಲ್ಲಿ ಒಳಹೋದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ವೆಲ್ಡಿಂಗ್ ಅಂಗಡಿಗಳಲ್ಲಿ ಇದೆ. ಹೊಟ್ಟೆಗೆ ಹೋದ ಹಾಲು ಶ್ವಾಸಕೋಶವನ್ನು ಕಾಯುವುದಿಲ್ಲ. ಗಾಳಿಯಾಡುವ ಜಾಗ, ಸರಿಯಾದ ಮಾಸ್ಕ್, ಲೇಪ ಉಜ್ಜಿ ತೆಗೆಯುವುದು, ಇವಷ್ಟೇ ಕಾಯುವಂಥವು. ಈಚಿನ ಕಾರುಗಳ ಎಷ್ಟೋ ತಗಡುಗಳಿಗೂ ಸತು ಲೇಪ ಇರುತ್ತದೆ ಎಂಬುದನ್ನು ನೆನಪಿಡಿ.

ತೇಪೆಯ ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಬಿಸಿ ಸೇರಿ ತಗಡು ಉಬ್ಬುತ್ತದೆ. ಅಂಚಿಗೆ ಅಂಚು ತಾಗಿಸುವುದಾದರೆ ನಡುವೆ ತಗಡಿನ ದಪ್ಪದಷ್ಟು ಸಂದು ಬಿಡಿ. ಮೊದಲ ಸಲ ಮಾಡುವವರಿಗೆ ನೆಲದ ಜಾಗದಲ್ಲಿ ಒಂದರ ಮೇಲೊಂದು 15-20 ಮಿ.ಮೀ. ಹೊದಿಸುವುದು ಸುಲಭ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ (ಎರಡು ತಗಡು ಒತ್ತಿ ಹಿಡಿದು ಚುಕ್ಕಿಯಾಗಿ ಬೆಸೆದದ್ದು) ಹಾಕಿದಲ್ಲಿ, ಮೇಲಿನ ತಗಡಿಗೆ 6ರಿಂದ 8 ಮಿ.ಮೀ. ತೂತು ಕೊರೆದು, ಆ ತೂತಿನ ಮೂಲಕ ಕೆಳಗಿನ ತಗಡನ್ನು ಕರಗಿಸಿ ತುಂಬುವುದಕ್ಕೆ ಪ್ಲಗ್ ವೆಲ್ಡ್ ಎನ್ನುತ್ತಾರೆ. ಬಾಡಿ ಕೆಲಸದಲ್ಲಿ ಇದೇ ನಿಮ್ಮ ದೊಡ್ಡ ಆಸರೆ.

ಅರ್ತ್ ಕ್ಲಾಂಪನ್ನು (ಕರೆಂಟು ಮೆಷಿನ್ನಿಗೆ ಮರಳುವ ವೈರಿನ ತುದಿಯ ಚಿಮಟ) ಬೆಸುಗೆಯ ಪಕ್ಕದಲ್ಲೇ, ಹೊಳೆಯುವ ಲೋಹಕ್ಕೆ ಕಚ್ಚಿಸಿ. ದೂರದ ಚಕ್ರದ ಬಳಿ ಹಾಕಿದರೆ ಕರೆಂಟು ಬೇರಿಂಗ್‌ಗಳ ಮೂಲಕ, ಗಾಡಿಯ ವೈರುಗಳ ಮೂಲಕ ದಾರಿ ಹುಡುಕುತ್ತದೆ. ಅದೇ ದಪ್ಪದ ತುಂಡು ತಗಡಿನ ಮೇಲೆ ಮೊದಲು ಹದ ನೋಡಿ. ತಂತಿ ಟಾರ್ಚನ್ನು ಹಿಂದಕ್ಕೆ ತಳ್ಳಿದಂತೆ ಅನಿಸಿದರೆ ವೇಗ ಹೆಚ್ಚಾಗಿದೆ. ತಂತಿ ತುದಿಯಲ್ಲಿ ಗುಂಡಾಗಿ ಕರಗಿ ಟಿಪ್ಪಿಗೆ ಅಂಟಿದರೆ ಕಡಿಮೆಯಾಗಿದೆ. ಹದ ಸಿಕ್ಕಾಗ ಚರ್‌ರ್ ಎಂದು ಒಂದೇ ಸಮನೆ ಸದ್ದು ಬರುತ್ತದೆ, ಒಡೆದೊಡೆದು ಬರುವುದಿಲ್ಲ. ಕಣ್ಣಿಗಿಂತ ಕಿವಿಗೆ ಇದು ಬೇಗ ತಿಳಿಯುತ್ತದೆ. ತುಂಡನ್ನು ತಿರುವಿ ನೋಡಿ: ಹಿಂದೆಯೂ ಬೆಸುಗೆಯ ಉಬ್ಬು ಸಣ್ಣಗೆ ಮೂಡಿದ್ದರೆ ಸರಿಯಾಗಿ ಕರಗಿದೆ. ಮೇಲೆ ಮಾತ್ರ ಗುಂಡಗೆ ಕೂತಿದ್ದರೆ ಅದು ಅಂಟಿದೆ ಅಷ್ಟೇ.

ಈಗ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ನಂತರ ಎದುರುಬದುರಾಗಿ ಜಿಗಿಯುತ್ತ 25 ಮಿ.ಮೀ.ಗೊಂದು ಚುಕ್ಕಿ. ಆಮೇಲೆ ಅವುಗಳ ನಡುವೆ ಒಂದು, ಮತ್ತೆ ನಡುವೆ ಒಂದು. ಪಕ್ಕಪಕ್ಕದಲ್ಲಿ ಎರಡು ಚುಕ್ಕಿ ಒಟ್ಟೊಟ್ಟಿಗೆ ಹಾಕಬೇಡಿ. ಉದ್ದಕ್ಕೆ ಗೆರೆ ಎಳೆಯುವ ಆಸೆ ಬಂದೇ ಬರುತ್ತದೆ, ಅದಕ್ಕೆ ಸೋತರೆ ತಗಡು ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ. ಕೈ ಇಟ್ಟರೆ ಸುಡದಷ್ಟು ತಣಿದ ಮೇಲೆ ಮುಂದಿನದು. ನೀರು ಎರಚಿ ತಣಿಸುವುದು ಬೇಡ. ಎಲ್ಲಾದರೂ ತೂತಾದರೆ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿದು ಅಂಚಿನಿಂದ ತುಂಬುತ್ತ ಬನ್ನಿ. ಕರಗಿದ ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ಮುಗಿದ ಮೇಲೆ ಕತ್ತಲಾದಾಗ ಕೆಳಗೆ ಒಂದು ದೀಪ ಇಟ್ಟು ಮೇಲಿನಿಂದ ನೋಡಿ. ಸೂಜಿಮೊನೆಯ ತೂತುಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಬೆಳಗುತ್ತವೆ.

ಕೈ ಹಾಕಬಾರದ ಜಾಗ

ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲೇಬೇಡಿ. ತೊಳೆದು ಒಣಗಿಸಿದರೂ ಮೂಲೆಯಲ್ಲಿ ಉಳಿದ ಆವಿ ಸಾಕು. ಸ್ಟೀರಿಂಗ್, ಸಸ್ಪೆನ್ಶನ್ ತೋಳುಗಳು, ಸೀಟ್‌ಬೆಲ್ಟ್ ಹಿಡಿಯುವ ಜಾಗ ನುರಿತವರಿಗೆ ಬಿಡಿ. ಈಚಿನ ಕಾರುಗಳ ಬಾಗಿಲ ಕಂಬ, ಅಡ್ಡಪಟ್ಟಿಗಳಲ್ಲಿ ಬಳಸುವ ಅತಿಗಟ್ಟಿ ಉಕ್ಕು ಬಿಸಿ ತಗುಲಿದರೆ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಬೆಸುಗೆ ಅಂದವಾಗಿ ಕಂಡರೂ ಅಪಘಾತದ ಹೊತ್ತಿಗೆ ಆ ಕಂಬ ಮಡಚುತ್ತದೆ. ಜೀಪಿನ ಚಾಸಿ ಬಿರುಕಿಗೂ ಮೇಲೊಂದು ಪಟ್ಟಿ ಅಡ್ಡ ಹಾಕಿ ಬೆಸೆಯುವುದು ಮದ್ದಲ್ಲ, ಆ ಪಟ್ಟಿಯ ಅಂಚಿನಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ, ಆರ್‌.ಸಿ.ಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ತುಕ್ಕು ಹಿಡಿದ ನೆಲ ರಿಪೇರಿ ಮಾಡುವುದು ಬೇರೆ, ಚಾಸಿ ಕತ್ತರಿಸಿ ಉದ್ದ ಮಾಡುವುದು ಬೇರೆ.

ಎಣ್ಣೆ ಒರೆಸಲು ಬ್ರೇಕ್ ಕ್ಲೀನರ್ ಬಳಸುವ ಅಭ್ಯಾಸ ಇದ್ದರೆ ಡಬ್ಬಿಯ ಹಿಂಬದಿ ಓದಿ. ಕ್ಲೋರಿನ್ ಇರುವ ದ್ರಾವಕ ಆರ್ಕಿನ ಬಿಸಿಗೆ, ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಸ್ವಲ್ಪವೇ ಸಾಕು, ಶ್ವಾಸಕೋಶ ಹಾಳಾಗುತ್ತದೆ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ, ಡಬ್ಬಿಯನ್ನೂ ಒರೆಸಿದ ಬಟ್ಟೆಯನ್ನೂ ದೂರವಿಟ್ಟು ಶುರು ಮಾಡಿ.

ಬರಿಗಣ್ಣಿನಲ್ಲಿ ಆರ್ಕ್ ನೋಡಿದವರಿಗೆ ಆಗ ಏನೂ ಅನಿಸುವುದಿಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಅದೇ ಗತಿ, ಅವರನ್ನು ಒಳಗೆ ಕಳಿಸಿ. ಹಾಗೇನಾದರೂ ಆದರೆ ಮನೆಮದ್ದು ಹಾಕದೆ ಕಣ್ಣಿನ ವೈದ್ಯರಿಗೆ ತೋರಿಸಿ. ಹತ್ತಿಯ ಪೂರ್ತಿ ತೋಳಿನ ಅಂಗಿ, ಚರ್ಮದ ಗ್ಲೌಸ್, ಮುಚ್ಚಿದ ಶೂ ಇರಲಿ, ಪಾಲಿಯೆಸ್ಟರ್ ಬೇಡ. ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ, ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ. ಬೆಸುಗೆಯ ಆ ಬದಿಯಲ್ಲಿ ಏನು ಹೊತ್ತಿಕೊಂಡಿದೆ ಎಂಬುದು ನಿಮಗೆ ಕಾಣುವುದಿಲ್ಲ, ಕಾಯಲು ಇನ್ನೊಬ್ಬರಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆಯಾದರೂ ಗಾಡಿಯ ಬಳಿಯೇ ಇರಿ. ಕಾರ್ಪೆಟ್ಟಿನ ಅಂಚಿನಲ್ಲಿ ಅಡಗಿದ ಕಿಡಿ ಹೊಗೆಯಾಡುವುದು ಆಮೇಲೆಯೇ.

ಕೊನೆಗೆ ಬಣ್ಣ. ಮೇಲ್ಭಾಗವನ್ನು ಗ್ರೈಂಡರಿಗೆ ಹಾಕುವ ಉಜ್ಜುಹಾಳೆಯ ಫ್ಲಾಪ್ ಡಿಸ್ಕ್‌ನಲ್ಲಿ ನಯ ಮಾಡಿ ಪ್ರೈಮರ್ ಹೊಡೆದು ಕೈತೊಳೆದುಕೊಳ್ಳುವವರೇ ಬಹಳ. ಬೆಸುಗೆಯ ಬಿಸಿಗೆ ಹಿಂಬದಿಯ ಹಳೆಯ ಬಣ್ಣವೆಲ್ಲ ಸುಟ್ಟು ಲೋಹ ಬೆತ್ತಲಾಗಿರುತ್ತದೆ, ತುಕ್ಕು ಮತ್ತೆ ಶುರುವಾಗುವುದು ಅಲ್ಲಿಂದ. ಹೊದಿಸಿದ ಜೋಡಣೆಯಾದರೆ ಎರಡು ತಗಡುಗಳ ನಡುವೆ ಬೆಸೆಯುವ ಮೊದಲೇ ಝಿಂಕ್ ಪ್ರೈಮರ್ ಬಳಿದಿರಬೇಕು, ಬೆಸುಗೆ ಬೀಳುವ ಚುಕ್ಕಿಗಳಲ್ಲಿ ಮಾತ್ರ ಬಿಟ್ಟು. ಮುಗಿದ ಮೇಲೆ ಅಂಚುಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್, ಕೆಳಗಡೆಗೆ ಪ್ರೈಮರ್ ಮತ್ತು ಅಂಡರ್‌ಕೋಟ್. ರನ್ನಿಂಗ್ ಬೋರ್ಡಿನಂಥ ಮುಚ್ಚಿದ ಪೆಟ್ಟಿಗೆ ಭಾಗಕ್ಕೆ ಕುಂಚ ಹೋಗುವುದಿಲ್ಲ. ಅಲ್ಲಿಂದ ನೀರು ಹೊರಗೆ ಹರಿದುಹೋಗಲೆಂದು ತಯಾರಕರೇ ಬಿಟ್ಟ ತೂತುಗಳಿರುತ್ತವೆ. ಉದ್ದ ಪೈಪಿನ ನಾಜಲ್ ಸಿಕ್ಕಿಸಿ ಅವುಗಳ ಮೂಲಕವೇ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ, ಹೊಡೆದಾದ ಮೇಲೆ ಆ ತೂತುಗಳು ಮುಚ್ಚಿಹೋಗದಂತೆ ಒಂದು ತಂತಿ ಆಡಿಸಿ ಬಿಡಿಸಿ.